ಮುಖ ಎತ್ತುವವರು, ಮುಖ ತಿರುಗಿಸುವವರು

ಕಳೆದ ವರ್ಷ ಒಂದು ಮಧ್ಯಾಹ್ನ ನನ್ನ ಖಾಲಾನ ಮಗಳು, ನಾವೆಲ್ಲ ಆಪಾ ಎಂದು ಕರೆಯುವವರು, ಬಣ್ಣದ ಕಾಗದವೊಂದನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ನಮ್ಮ ಮನೆಗೆ ಬಂದರು. ಅದು ಬೆಂಗಳೂರಿನ ಕ್ಲಿನಿಕ್ಕೊಂದರ ಕರಪತ್ರ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಆಪಾ ಓದಿದ್ದು ಉರ್ದು ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. "ನೀನು ಓದಿದೋಳು, ಕಥೆ ಬರೆಯೋಳು. ಇದರಲ್ಲಿ ಯಾವುದು ಮಾಡಿಸಿಕೊಂಡರೆ ಒಳ್ಳೇದು ಅಂತ ಹೇಳು" ಎಂದರು.

ಕಾಗದ ಬಿಡಿಸಿದೆ. ಮಿನಿ ಲಿಫ್ಟ್, ಥ್ರೆಡ್ ಲಿಫ್ಟ್, ಸ್ಮಾಸ್ ಲಿಫ್ಟ್, ಡೀಪ್ ಪ್ಲೇನ್ ಲಿಫ್ಟ್. ಹೋಟೆಲಿನ ತಿಂಡಿ ಪಟ್ಟಿಯಂತೆ ಒಂದರ ಕೆಳಗೊಂದು. ಪ್ರತಿಯೊಂದರ ಪಕ್ಕದಲ್ಲೂ ನಗುವ ವಿದೇಶಿ ಹೆಂಗಸಿನ ಫೋಟೊ. ಜೋತುಬಿದ್ದ ಕೆನ್ನೆ, ಗಲ್ಲದ ಕೆಳಗಿನ ಸಡಿಲ ಚರ್ಮ ಎಲ್ಲವನ್ನೂ ಮೇಲಕ್ಕೆತ್ತಿ ಹೊಲಿಯುವ ಶಸ್ತ್ರಚಿಕಿತ್ಸೆಯ ಬಗೆಗಳು ಇವು.

ಆಪಾಗೆ ಐವತ್ತಮೂರು ವರ್ಷ. ಸಕ್ಕರೆ ಕಾಯಿಲೆ ಇದೆ, ಬಿ.ಪಿ. ಇದೆ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವೂ ಇದೆ. ಕ್ಲಿನಿಕ್ಕಿನಲ್ಲಿ ಇವರಿಗೆ ಡಾಕ್ಟರ ದರ್ಶನವಾಗಿರಲಿಲ್ಲ. ಕೌನ್ಸೆಲರ್ ಎಂಬ ಹುಡುಗಿ ಮಾತಾಡಿದ್ದಳು. ಆಕೆ ಕಾಯಿಲೆಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಕಂತಿನಲ್ಲಿ ಕಟ್ಟುತ್ತೀರೋ ಒಟ್ಟಿಗೆ ಕಟ್ಟುತ್ತೀರೋ ಎಂದು. ಜೊತೆಗೆ ಒಂದು ಸಮಾಧಾನವನ್ನೂ ಹೇಳಿದಳಂತೆ: "ನೀವು ಬುರ್ಖಾ ಹಾಕ್ತೀರಲ್ಲ ಆಂಟಿ, ಹೊಲಿಗೆ ಗುರುತು ಯಾರಿಗೂ ಕಾಣಲ್ಲ."

ಅದೇ ವಾರ ನಮ್ಮ ಮೊಹಲ್ಲಾದಲ್ಲಿ ಹೆಂಗಸರ ಇಜ್ತಿಮಾ ಇತ್ತು. ಅಲ್ಲಿ ಬಯಾನ್ ಮಾಡಿದವರು, ಮುಖ ತಿದ್ದಿಸಿಕೊಳ್ಳುವ ಹೆಂಗಸರು ಶೈತಾನನ ಹಾದಿ ಹಿಡಿದವರು ಎಂದರು. ಆಪಾ ಮುಂದಿನ ಸಾಲಿನಲ್ಲೇ ಕೂತು ತಲೆ ತಗ್ಗಿಸಿ ಕೇಳಿಸಿಕೊಂಡರು. ಮನೆಗೆ ಬಂದು ಅಳಲಿಲ್ಲ, ಕಾಗದವನ್ನು ಹರಿಯಲೂ ಇಲ್ಲ.

ನನ್ನ ಜಗಳ ಈ ಇಬ್ಬರ ಮೇಲೂ ಇದೆ. ಆಯ್ಕೆ ಎಂಬ ಮಾತು ನಿಜವಾಗಬೇಕಾದರೆ ಎರಡು ಬೇಕು. ಏನು ಮಾಡಿಸಿಕೊಳ್ಳುತ್ತಿದ್ದೇನೆ ಎಂಬ ತಿಳುವಳಿಕೆ ಒಂದು, ಬೇಡ ಎಂದು ಎದ್ದುಬರುವ ಸ್ವಾತಂತ್ರ್ಯ ಇನ್ನೊಂದು. ಮೊದಲನೆಯದನ್ನು ಕ್ಲಿನಿಕ್ಕು ಕೊಡುತ್ತಿಲ್ಲ. ಎರಡನೆಯದನ್ನು ನಾವು ಕೊಡುತ್ತಿಲ್ಲ. ಎರಡೂ ಇಲ್ಲದ ಮೇಲೆ ನಾಲ್ಕು ಹೆಸರುಗಳ ಪಟ್ಟಿ ಕೊಟ್ಟು ಆರಿಸಿಕೋ ಎಂದರೆ ಅದು ಮೋಸ.

ಮೊದಲು ತಿಳುವಳಿಕೆಯ ವಿಷಯ. ಆಪಾ ಮುಂದೆ ಬಿಳಿ ಹಾಳೆ ಇಟ್ಟು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ಮುಖ ಪದರು ಪದರಾಗಿದೆ. ಮೇಲೆ ಚರ್ಮ, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಮಾಂಸಖಂಡಕ್ಕೆ ಸೇರಿಕೊಂಡ ತೆಳುವಾದ ಆದರೆ ಗಟ್ಟಿಯಾದ ಪೊರೆ. ಆ ಪೊರೆಯ ಅಡಿಯಲ್ಲಿ ನಗುವುದನ್ನೂ ಕಣ್ಣು ಮುಚ್ಚುವುದನ್ನೂ ನಡೆಸುವ ನರದ ಕವಲುಗಳು ಹಾದುಹೋಗುತ್ತವೆ. ಎಲ್ಲಕ್ಕೂ ಕೆಳಗೆ ಮೂಳೆ. ವಯಸ್ಸಾದಂತೆ ಚರ್ಮ ಬಿಗಿ ಕಳೆದುಕೊಳ್ಳುತ್ತದೆ, ಕೊಬ್ಬು ಕೆಲವೆಡೆ ಕರಗಿ ಕೆಲವೆಡೆ ಜಾರುತ್ತದೆ, ಮೂಳೆ ಕೂಡ ಸವೆಯುತ್ತದೆ. ಲಿಫ್ಟುಗಳಲ್ಲಿರುವ ವ್ಯತ್ಯಾಸ ಮುಖ್ಯವಾಗಿ ಎರಡರದ್ದು: ಎಷ್ಟು ಉದ್ದ ಕೊಯ್ಯುತ್ತಾರೆ, ಯಾವ ಪದರದವರೆಗೆ ಕೈ ಹಾಕುತ್ತಾರೆ.

ಇದರ ಆರಂಭ 1901ರಲ್ಲಿ, ಬರ್ಲಿನ್ನಿನ ಯೂಜೆನ್ ಹೊಲಾಂಡರ್ ಎಂಬ ವೈದ್ಯ ಪೋಲೆಂಡಿನ ಸಿರಿವಂತ ಮನೆತನದ ಹೆಂಗಸಿಗೆ ಮಾಡಿದ ಶಸ್ತ್ರಚಿಕಿತ್ಸೆಯಿಂದ ಎನ್ನುತ್ತಾರೆ. ಕಿವಿಯ ಬಳಿ, ಕೂದಲಂಚಿನಲ್ಲಿ ಚರ್ಮದ ಚೂರು ಕತ್ತರಿಸಿ ಎಳೆದು ಹೊಲಿಯುವುದು, ಅಷ್ಟೇ. ಚರ್ಮ ಹಿಗ್ಗುವ ವಸ್ತು. ಬರೀ ಅದನ್ನು ಎಳೆದರೆ ಮತ್ತೆ ಸಡಿಲವಾಗುತ್ತದೆ, ಬಿಗಿ ಹೆಚ್ಚಾದರೆ ಕಲೆ ಅಗಲವಾಗುತ್ತದೆ, ಮುಖ ಗಾಳಿಗೆ ಎದುರು ನಿಂತವರ ಮುಖದಂತೆ ಕಾಣುತ್ತದೆ. 1976ರಲ್ಲಿ ಫ್ರಾನ್ಸಿನ ಮಿಟ್ಸ್ ಮತ್ತು ಪೆರೋನಿ ಎಂಬ ಇಬ್ಬರು ವೈದ್ಯರು ಚರ್ಮದ ಕೆಳಗಿನ ಆ ಪೊರೆಯನ್ನು ವಿವರಿಸಿ ಅದಕ್ಕೊಂದು ಹೆಸರಿಟ್ಟರು. ಆ ಹೆಸರಿನ ಚಿಕ್ಕ ರೂಪವೇ ಸ್ಮಾಸ್. ಚರ್ಮದ ಬದಲು ಈ ಪೊರೆಯನ್ನು ಮಡಚಿ ಹೊಲಿದರೆ ಭಾರ ಅದರ ಮೇಲೆ ಬೀಳುತ್ತದೆ, ಚರ್ಮವನ್ನು ಬಿಗಿಯಾಗಿ ಜಗ್ಗಬೇಕಿಲ್ಲ. 1990ರಲ್ಲಿ ಅಮೆರಿಕದ ಸ್ಯಾಮ್ ಹಮ್ರಾ ಡೀಪ್ ಪ್ಲೇನ್ ಎಂಬುದನ್ನು ಪ್ರಕಟಿಸಿದರು. ಪೊರೆಯ ಅಡಿಗೇ ಹೋಗಿ, ಅದನ್ನು ಕೆನ್ನೆಯ ಮೂಳೆಗೆ ಕಟ್ಟಿಹಾಕಿರುವ ತಂತುಗಳನ್ನು ಬಿಡಿಸಿ, ಚರ್ಮ ಪೊರೆ ಎರಡನ್ನೂ ಒಟ್ಟಾಗಿ ಎತ್ತುವ ವಿಧಾನ ಇದು. ನರದ ಕವಲುಗಳಿಗೆ ಹತ್ತಿರದ ಕೆಲಸ. ಪಳಗಿದ ಕೈಗೆ ಮಾತ್ರ ಒಗ್ಗುವಂಥದ್ದು.

ಮಿನಿ ಎಂದರೆ ಕಿವಿಯ ಮುಂದಿನ ಚಿಕ್ಕ ಗಾಯ. ಕೆನ್ನೆ ಈಗಷ್ಟೇ ಜೋಲಲು ಶುರುವಾದವರಿಗೆ ಸ್ವಲ್ಪ ಉಪಯೋಗ, ಕುತ್ತಿಗೆ ಸಡಿಲವಾದವರಿಗೆ ಅಷ್ಟಾಗಿ ಇಲ್ಲ. ಥ್ರೆಡ್ ಎಂದರೆ ಮುಳ್ಳು ಮುಳ್ಳಾದ ದಾರವನ್ನು ಸೂಜಿಯಿಂದ ಚರ್ಮದಡಿಗೆ ತೂರಿಸಿ ಜಗ್ಗುವುದು. ಕರಗುವ ದಾರವಾದರೆ ಕೆಲವು ತಿಂಗಳಲ್ಲಿ ಕರಗುತ್ತದೆ. ಎತ್ತಿದ್ದು ಒಂದು ವರ್ಷದ ಆಚೀಚೆ ಇಳಿಯುತ್ತದೆ. ಕೆಲವರಿಗೆ ಚರ್ಮ ಅಲ್ಲಲ್ಲಿ ಗುಳಿ ಬೀಳುತ್ತದೆ, ದಾರ ಎದ್ದು ಕಾಣುತ್ತದೆ, ಕೀವಾಗುತ್ತದೆ. ಇದನ್ನೂ ಲಿಫ್ಟ್ ಎಂದು ಕರೆದು, ಮೂರು ನಾಲ್ಕು ಗಂಟೆಯ ಶಸ್ತ್ರಚಿಕಿತ್ಸೆಯ ಜೊತೆ ಒಂದೇ ಪಟ್ಟಿಯಲ್ಲಿ ಸೇರಿಸುವುದು ವ್ಯಾಪಾರದ ಜಾಣತನ. ಕಡಿಮೆ ದರದ ಬಾಗಿಲಿನಿಂದ ಒಳಗೆ ಕರೆದು ದುಬಾರಿ ಕೋಣೆಗೆ ಸಾಗಿಸಲು ಅನುಕೂಲ.

ಹಾಗಾದರೆ ಯಾವುದು ಒಳ್ಳೆಯದು? ಈ ಪ್ರಶ್ನೆಯನ್ನು ಸರ್ಜನ್ನರೇ ಇನ್ನೂ ಬಗೆಹರಿಸಿಕೊಂಡಿಲ್ಲ. ಬೇರೆ ಬೇರೆ ವಿಧಾನಗಳಿಗೆ ಹೆಸರಾದ ನಾಲ್ವರು ಅಮೆರಿಕನ್ ಸರ್ಜನ್ನರು ಎರಡು ಜೊತೆ ಅವಳಿ ಸೋದರಿಯರಿಗೆ ತಮ್ಮ ತಮ್ಮ ರೀತಿಯಲ್ಲಿ ಲಿಫ್ಟ್ ಮಾಡಿದ್ದರು. ರೂಪದಲ್ಲಿ ಒಂದೇ ಆದವರಿಗೆ ಬೇರೆ ಕೈ, ಬೇರೆ ವಿಧಾನ. ಹತ್ತು ವರ್ಷಗಳ ನಂತರ ಅವರೆಲ್ಲ ಹೇಗಿದ್ದಾರೆ ಎಂಬ ವರದಿ 2009ರಲ್ಲಿ ಅಚ್ಚಾಯಿತು. ಆಮೇಲೂ ವಾದ ನಿಂತಿಲ್ಲ, ಇವತ್ತಿಗೂ ಪ್ರತಿಯೊಬ್ಬರೂ ತಮ್ಮ ವಿಧಾನವೇ ಮೇಲು ಎನ್ನುತ್ತಾರೆ. ಪಳಗಿದವರೇ ಒಪ್ಪದ ವಿಷಯವನ್ನು ಏಳನೇ ಕ್ಲಾಸಿನ ಆಪಾ ಬಣ್ಣದ ಕಾಗದ ನೋಡಿ ತೀರ್ಮಾನಿಸಬೇಕಂತೆ!

ಕಾಗದದಲ್ಲಿ ಇಲ್ಲದ ಮಾತುಗಳು ಇನ್ನೂ ಇವೆ. ಯಾವ ಲಿಫ್ಟೂ ಚರ್ಮದ ಗುಣವನ್ನು ಬದಲಿಸುವುದಿಲ್ಲ. ತುಟಿಯ ಸುತ್ತಲ ಗೆರೆ, ಬಂಗು, ಹಣೆಯ ಸುಕ್ಕು, ಕಣ್ಣಿನ ಕೆಳಗಿನ ಚೀಲ ಇವಕ್ಕೆಲ್ಲ ಬೇರೆ ಚಿಕಿತ್ಸೆ, ಬೇರೆ ಬಿಲ್ಲು. ಚೆನ್ನಾಗಿ ಮಾಡಿದ ಲಿಫ್ಟ್ ಕೂಡ ವಯಸ್ಸನ್ನು ತಡೆದು ನಿಲ್ಲಿಸುವುದಿಲ್ಲ, ಹತ್ತು ವರ್ಷದ ಸುಮಾರಿಗೆ ಮುಖ ಮತ್ತೆ ಇಳಿಯುತ್ತದೆ. ಅತಿ ಸಾಮಾನ್ಯ ತೊಂದರೆ ಎಂದರೆ ಚರ್ಮದಡಿ ರಕ್ತ ತುಂಬಿಕೊಳ್ಳುವುದು, ಹೆಚ್ಚಾಗಿ ಮೊದಲ ದಿನವೇ. ರಕ್ತದೊತ್ತಡ ಇರುವವರಿಗೆ ಈ ಅಪಾಯ ಜಾಸ್ತಿ. ತಂಬಾಕಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎತ್ತಿ ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು. ಸಕ್ಕರೆ ಹಿಡಿತದಲ್ಲಿಲ್ಲದವರ ಗಾಯ ಬೇಗ ಮಾಯುವುದಿಲ್ಲ. ಕಿವಿಯ ಹಾಲೆ ಜೋಮು ಹಿಡಿದಂತೆ ಉಳಿಯಬಹುದು. ಮುಖದ ನರಕ್ಕೆ ಪೆಟ್ಟಾದರೆ ಹುಬ್ಬು ಏಳುವುದಿಲ್ಲ, ತುಟಿ ಸೊಟ್ಟಗಾಗುತ್ತದೆ. ಬಹಳಷ್ಟು ಸಲ ಅದು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಹಾಗೇ ಉಳಿಯುತ್ತದೆ. ನಮ್ಮ ಕಡೆಯ ಮೈಬಣ್ಣದವರಿಗೆ ಗಾಯದ ಕಲೆ ಕಪ್ಪಾಗಿ ಉಬ್ಬುವುದೂ ಹೆಚ್ಚು. ಈಗ ಹೇಳಿ: ಬಿ.ಪಿ., ಸಕ್ಕರೆ, ಹೊಗೆಸೊಪ್ಪು ಮೂರೂ ಇರುವ ಹೆಂಗಸಿಗೆ ಕೇಳಬೇಕಾದ ಮೊದಲ ಪ್ರಶ್ನೆ ಕಂತಿನದ್ದೇ?

ಇದು ಹೆದರಿಸಲು ಹೇಳುವ ಮಾತಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಮನೆಗೆ ಮರಳಲಿಲ್ಲ. ಆಕೆಗೆ ಇಪ್ಪತ್ತೊಂದು ವರ್ಷ. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಸೌಂದರ್ಯದ ಶಸ್ತ್ರಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರದಲ್ಲಿ ನೋಡಿಯೋ ಯೂಟ್ಯೂಬ್ ನೋಡಿಯೋ ಕಲಿತದ್ದು ಸಾಲದು ಎಂದು ಅದರಲ್ಲಿ ಬರೆಯಬೇಕಾಯಿತು. ಒಂದು ದೇಶದ ವೈದ್ಯಕೀಯ ಆಯೋಗ ಇಂಥ ವಾಕ್ಯ ಬರೆಯಬೇಕಾದರೆ ಕೆಳಗೆ ಏನು ನಡೆಯುತ್ತಿರಬೇಕು ಎಂದು ಊಹಿಸಿಕೊಳ್ಳಿ.

ಅಮೆರಿಕದ ಕಾದಂಬರಿಗಾರ್ತಿ ಒಲಿವಿಯಾ ಗೋಲ್ಡ್‌ಸ್ಮಿತ್ ಅವರ ನೆನಪಾಗುತ್ತದೆ. ವಯಸ್ಸಾಯಿತೆಂದು ಗಂಡಂದಿರು ಬಿಟ್ಟುಹೋದ ಹೆಂಡತಿಯರು ಒಟ್ಟಾಗಿ ಸೇಡು ತೀರಿಸಿಕೊಳ್ಳುವ ಕಥೆ ಬರೆದು 1992ರಲ್ಲಿ ಹೆಸರು ಮಾಡಿದವರು ಅವರು. ಆ ಕಥೆ ಸಿನಿಮಾ ಕೂಡ ಆಯಿತು. 2004ರ ಜನವರಿಯಲ್ಲಿ ಗಲ್ಲದ ಕೆಳಗಿನ ಸಡಿಲ ಚರ್ಮ ತೆಗೆಸಲು ಹೋಗಿ ಅರಿವಳಿಕೆಯ ತೊಂದರೆಯಿಂದ ತೀರಿಕೊಂಡರು. ಗಂಡಸರ ಕಣ್ಣಿನ ಕ್ರೌರ್ಯವನ್ನು ಅಷ್ಟು ಚೆನ್ನಾಗಿ ಬಲ್ಲವರೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಹಾಗಿರುವಾಗ ಆಪಾಗೆ ಬುದ್ಧಿ ಹೇಳಲು ನಾನ್ಯಾರು?

ಇನ್ನು ಮಿಂಬರಿನ ಕಡೆಗೆ ಬರೋಣ. ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದರ ಬಗ್ಗೆ ಸೂರಃ ನಿಸಾದ 119ನೇ ಆಯತ್ತಿನಲ್ಲಿ ಎಚ್ಚರಿಕೆ ಇದೆ. ಚಂದಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವವರನ್ನು ಕುರಿತ ಹದೀಸ್ ಇದೆ. ಇವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಯಾನ್‌ಗಳಲ್ಲಿ ಕೇಳಿಬರದ ಇನ್ನೊಂದು ಹದೀಸೂ ಇದೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್‌ಫಜಾ ಎಂಬುವರು ಬೆಳ್ಳಿಯ ಮೂಗು ಹಾಕಿಸಿಕೊಂಡರು. ಅದು ವಾಸನೆ ಬರತೊಡಗಿತು. ಪ್ರವಾದಿಯವರು ಚಿನ್ನದ ಮೂಗು ಹಾಕಿಸಿಕೊಳ್ಳಲು ಹೇಳಿದರು. ಗಂಡಸಿಗೆ ಚಿನ್ನ ನಿಷಿದ್ಧವಾದರೂ, ಒಬ್ಬ ಮನುಷ್ಯ ನಾಲ್ಕು ಜನರ ನಡುವೆ ಮುಖ ತೋರಿಸಿ ಬದುಕಬೇಕು ಎಂಬುದು ಆ ನಿಷೇಧಕ್ಕಿಂತ ದೊಡ್ಡದಾಯಿತು. ಅಬೂ ದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿ ಇದು ದಾಖಲಾಗಿದೆ.

ಮುಖದ ಶಸ್ತ್ರಚಿಕಿತ್ಸೆಯ ಚರಿತ್ರೆಯೂ ಕತ್ತರಿಸಿದ ಮೂಗಿನಿಂದಲೇ ಶುರುವಾಗುತ್ತದೆ. ಅದರಲ್ಲಿ ನಮ್ಮ ನಾಡಿಗೆ ಸೇರಿದ ಒಂದು ಪುಟ ಇದೆ, ಕಹಿಯಾದ ಪುಟ. ಲಂಡನ್ನಿನ ಪತ್ರಿಕೆಯೊಂದು 1794ರ ಅಕ್ಟೋಬರಿನಲ್ಲಿ ಕೊವಾಸ್ಜಿ ಎಂಬ ಮರಾಠಾ ಎತ್ತಿನ ಗಾಡಿಯವನ ಚಿತ್ರ ಅಚ್ಚುಹಾಕಿತು. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನಲ್ಲಿದ್ದ ಈತ ಸೆರೆ ಸಿಕ್ಕಾಗ ಟಿಪ್ಪುವಿನ ಕಡೆಯವರು ಮೂಗು ಮತ್ತು ಒಂದು ಕೈ ಕತ್ತರಿಸಿದರು ಎಂದು ಅದು ಬರೆಯಿತು. ಟಿಪ್ಪುವನ್ನು ಪ್ರೀತಿಸುವ ನಾವು ಇದನ್ನೂ ಓದಬೇಕು. ಪುಣೆಯ ಬಳಿ, ಇಟ್ಟಿಗೆ ಮಡಕೆ ಮಾಡುವ ಜಾತಿಯ ಒಬ್ಬ ಮನುಷ್ಯ ಕೊವಾಸ್ಜಿಯ ಹಣೆಯ ಚರ್ಮ ಬಿಡಿಸಿ ಇಳಿಸಿ ಮೂಗು ಕಟ್ಟಿಕೊಟ್ಟ. ಅದನ್ನು ಓದಿದ ಲಂಡನ್ನಿನ ಸರ್ಜನ್ ಕಾರ್ಪ್ಯೂ 1814ರಲ್ಲಿ ಅದೇ ರೀತಿ ಮಾಡಿದರು. ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಹೊಸ ಹಾದಿ ತೆರೆದದ್ದು ಹೀಗೆ. ಕಾರ್ಪ್ಯೂ ಹೆಸರು ಚರಿತ್ರೆಯಲ್ಲಿ ಉಳಿಯಿತು, ಕುಂಬಾರನ ಹೆಸರನ್ನು ಆ ಪತ್ರಿಕೆ ಬರೆಯಲಿಲ್ಲ. ಮುಖ ಕಳೆದುಕೊಂಡವನಿಗೆ ಮುಖ ಕೊಡುವುದು ಈ ವಿದ್ಯೆಯ ಮೂಲ ಧರ್ಮವಾಗಿತ್ತು.

ಈ ಗೆರೆಯನ್ನು ಇವತ್ತಿನ ಫಿಕ್‌ಹ್ ಪಂಡಿತರೂ ಎಳೆದಿದ್ದಾರೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 2007ರಲ್ಲಿ ಮಲೇಶಿಯಾದಲ್ಲಿ ಸೇರಿ, ಹುಟ್ಟಿನಿಂದ ಅಥವಾ ಅಪಘಾತದಿಂದ ಬಂದ ಊನವನ್ನು ಸರಿಪಡಿಸುವುದು ಸರಿ, ಕಾಯಿಲೆಯಿಂದಾದದ್ದಲ್ಲದ ಸುಕ್ಕನ್ನು ತೆಗೆಸುವುದು ಸಲ್ಲದು ಎಂದು ತೀರ್ಮಾನಿಸಿತು. ಮಜಾ ಎಂದರೆ ನಮ್ಮ ಸರಕಾರದ ಜಿ.ಎಸ್.ಟಿ. ಕೂಡ 2017ರಿಂದ ಹೆಚ್ಚುಕಡಿಮೆ ಇದೇ ಗೆರೆ ಎಳೆದಿದೆ. ಊನ ಅಥವಾ ಗಾಯ ಸರಿಪಡಿಸುವ ಪ್ಲಾಸ್ಟಿಕ್ ಸರ್ಜರಿಗೆ ತೆರಿಗೆ ವಿನಾಯಿತಿ, ಬರೀ ಸೌಂದರ್ಯದ್ದಕ್ಕೆ ಇಲ್ಲ. ಮುಫ್ತಿಗಳೂ ತೆರಿಗೆಯವರೂ ಒಪ್ಪಿದ ಮೇಲೆ ನನ್ನದೇನು ತಕರಾರು? ಗೆರೆಯ ಬಗ್ಗೆ ನನಗೆ ತಕರಾರಿಲ್ಲ. ಆಪಾಳನ್ನು ಆ ಗೆರೆಯ ಆಚೆಗೆ ತಳ್ಳಿದವರು ಯಾರು ಎಂದು ಯಾರೂ ಕೇಳುವುದಿಲ್ಲವಲ್ಲ, ಅದು ನನ್ನ ತಕರಾರು.

ನಡೆದದ್ದು ಇಷ್ಟು. ಆಪಾ ಮಗನ ಮಂಗ್ನಿಯ ದಿನ ಹೆಣ್ಣಿನ ಕಡೆಯ ಹೆಂಗಸೊಬ್ಬರು ಆಪಾಳನ್ನು ತೋರಿಸಿ, "ಇವರು ಹುಡುಗನ ದಾದಿಯಾ?" ಎಂದು ಕೇಳಿದರು. ಶಾಮಿಯಾನದ ಅಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಆಪಾಳ ಗಂಡ. ಅವರಿಗೆ ಐವತ್ತೆಂಟು, ತಲೆಗೂ ಗಡ್ಡಕ್ಕೂ ಕಾಡಿಗೆಯಂಥ ಬಣ್ಣ. "ಅದಕ್ಕೇ ಇನ್ನೊಂದು ನಿಕಾಹ್ ಮಾಡ್ಕೋಬೇಕು ಅಂತಿದೀನಿ, ನಾಲ್ಕರವರೆಗೂ ಅವಕಾಶ ಇದೆಯಲ್ಲ" ಎಂದರು. ಮತ್ತೆ ನಗು. ನರೆಗೆ ಬಣ್ಣ ಹಚ್ಚುವುದಾದರೆ ಕಪ್ಪು ಬೇಡ ಎಂಬ ಹದೀಸ್ ಇದೆ, ಅದರ ಅರ್ಥದ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ಆದರೆ ಕರಿಗಡ್ಡದ ಮುದುಕರ ವಿರುದ್ಧ ಒಂದು ಇಜ್ತಿಮಾದಲ್ಲಾದರೂ ಶೈತಾನನ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. ಗಂಡಸಿನ ಬಣ್ಣಕ್ಕೆ ಭಿನ್ನಾಭಿಪ್ರಾಯದ ರಿಯಾಯಿತಿ, ಹೆಂಗಸಿನ ಸುಕ್ಕಿಗೆ ನೇರ ಜಹನ್ನಮ್!

ಮಂಗ್ನಿಯಾದ ಮರುವಾರವೇ ಆಪಾ ಬಳೆ ಅಡವಿಟ್ಟರೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿ, ಬೆಂಗಳೂರಿನ ಬಸ್ಸು ಹತ್ತಿದ್ದರು. ಬುರ್ಖಾದ ಹೊರಗೆ ಈ ಮುಖವನ್ನು ಯಾವ ಬೀದಿಯೂ ನೋಡುವುದಿಲ್ಲ. ನೋಡುವವರು ಮನೆಯವರು, ನೆಂಟರು, ನಾವು. ಅಂದರೆ ಈ ಕತ್ತಿಯನ್ನು ಮಸೆದವರು ಸಿನಿಮಾದವರೂ ಅಲ್ಲ, ಪಶ್ಚಿಮದವರೂ ಅಲ್ಲ.

ನಾನೂ ಇದರಲ್ಲಿ ಪಾಲುದಾರಳು. ಮಗನಿಗೆ ಹೆಣ್ಣು ನೋಡಲು ಹೋದಾಗ ಮೂರು ಮನೆಯ ಹುಡುಗಿಯರನ್ನು "ರಂಗ್ ಕಮ್ಮಿ" ಎಂದು ಬಿಟ್ಟುಬಂದವರು ಇದೇ ಆಪಾ. ಜೊತೆಯಲ್ಲಿ ನಾನಿದ್ದೆ. ಚಹಾ ಕುಡಿದೆ, ಸಮೋಸ ತಿಂದೆ, ಬಾಯಿ ಬಿಡಲಿಲ್ಲ. ಅದರಲ್ಲಿ ಒಬ್ಬಳು ಬಿ.ಎಡ್. ಮುಗಿಸಿ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ಅವಳ ಪಾಠವನ್ನು ಯಾರೂ ಕೇಳಲಿಲ್ಲ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಹುಡುಗಿಯ ಬಣ್ಣವನ್ನು ತೂಗಿದ ತಕ್ಕಡಿಯೇ ನಾಳೆ ಅತ್ತೆಯ ಸುಕ್ಕನ್ನೂ ತೂಗುತ್ತದೆ. ಆಪಾಗೆ ಇದು ಶಾಮಿಯಾನದ ಅಡಿಯಲ್ಲಿ ಗೊತ್ತಾಯಿತು, ನನಗೆ ಆ ಕಾಗದ ಬಿಡಿಸಿದಾಗ ಗೊತ್ತಾಯಿತು.

ಇನ್ನೊಂದು ಮುಖದ ಬಗ್ಗೆ ಹೇಳಿ ಮುಗಿಸುತ್ತೇನೆ. 1999ರ ಏಪ್ರಿಲಿನಲ್ಲಿ ಬೆಂಗಳೂರಿನ ಹಸೀನಾ ಹುಸೇನ್ ಎಂಬ ಯುವತಿಯ ಮೇಲೆ, ಆಕೆ ಹಿಂದೆ ಕೆಲಸ ಮಾಡುತ್ತಿದ್ದ ಕಡೆಯ ಮಾಲೀಕ ಆಸಿಡ್ ಸುರಿದ. ಕಣ್ಣು ಹೋಯಿತು, ಮುಖ ಕರಗಿತು. ಹತ್ತಾರು ಶಸ್ತ್ರಚಿಕಿತ್ಸೆಗಳಾದವು. ಆಕೆ ಛಲ ಬಿಡದೆ ಹೋರಾಡಿದರು, 2006ರಲ್ಲಿ ಕರ್ನಾಟಕ ಹೈಕೋರ್ಟು ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಸಿಡ್ ದಾಳಿಗೆ ಒಳಗಾದವರಿಗೆ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2013ರಲ್ಲಿ. ಖಾಸಗಿ ಆಸ್ಪತ್ರೆಗಳೂ ಅವರಿಗೆ ಪೂರ್ತಿ ಉಚಿತ ಚಿಕಿತ್ಸೆ ಕೊಡಬೇಕು, ಮುಖ ಕಟ್ಟುವ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರಬೇಕು ಎಂದದ್ದು 2015ರಲ್ಲಿ. ಮುಖದ ಮೇಲೆ ಮಾತಾಡುವ ಆಸೆ ಇರುವ ಜಮಾತಿನ ಹಿರಿಯರಿಗೆ ನನ್ನ ವಿನಂತಿ ಇಷ್ಟೇ. ಸುಟ್ಟ ಗಾಯದಿಂದಲೋ ಸೀಳುತುಟಿಯಿಂದಲೋ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು ನಮ್ಮ ಮೊಹಲ್ಲಾಗಳಲ್ಲಿ ಇದ್ದಾರೆ. ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಬೈತುಲ್‌ಮಾಲಿನ ಹಣ ತೆಗೆಯಿರಿ. ಅರ್‌ಫಜಾರ ಹದೀಸನ್ನು ಪಾಲಿಸಿದಂತಾಗುತ್ತದೆ. ಆಮೇಲೆ ಸುಕ್ಕಿನ ಬಗ್ಗೆ ಬಯಾನ್ ಮಾಡಿ, ನಾನೂ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ಲಿಫ್ಟ್ ಮಾಡಿಸಿಕೊಳ್ಳಲೇಬೇಕೆಂದು ನಿಶ್ಚಯಿಸಿದ ಅಕ್ಕತಂಗಿಯರು, ಯಾವ ಧರ್ಮದವರೇ ಆಗಲಿ, ಪಟ್ಟಿ ನೋಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಕತ್ತಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದದ್ದನ್ನು ಓದಿದವರೇ? ಇದೇ ವಿಧಾನದಲ್ಲಿ ಎಷ್ಟು ಮುಖ ಮಾಡಿದ್ದಾರೆ? ಅರಿವಳಿಕೆ ಕೊಡುವ ಡಾಕ್ಟರು ಯಾರು, ಪೂರ್ತಿ ಹೊತ್ತು ಇರುತ್ತಾರೆಯೇ? ಉಸಿರು ನಿಂತರೆ ಆ ಕಟ್ಟಡದಲ್ಲೇ ಐ.ಸಿ.ಯು. ಇದೆಯೇ? ರಾತ್ರಿ ರಕ್ತ ತುಂಬಿಕೊಂಡರೆ ಬಂದು ನೋಡುವವರು ಯಾರು? ನನ್ನ ಕಾಯಿಲೆಗಳಿಗೆ, ನಾನು ನುಂಗುವ ಮಾತ್ರೆಗಳಿಗೆ ಇದು ಹೊಂದುತ್ತದೆಯೇ? ಕೊನೆಯದಾಗಿ, ಏನೂ ಮಾಡಿಸದೆ ಇದ್ದರೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಗೆ ನೇರವಾಗಿ "ಏನೂ ಆಗುವುದಿಲ್ಲ" ಎನ್ನುವ ಡಾಕ್ಟರು ಸಿಕ್ಕರೆ ಅವರನ್ನು ನಂಬಬಹುದು.

ಇವನ್ನೆಲ್ಲ ಉರ್ದುವಿನಲ್ಲಿ ಬರೆದುಕೊಟ್ಟೆ. ಆಪಾ ಆ ಚೀಟಿ ಹಿಡಿದು ಇನ್ನೊಮ್ಮೆ ಬೆಂಗಳೂರಿಗೆ ಹೋದರು. "ಅದೆಲ್ಲ ಸರ್ ಆಪರೇಷನ್ ದಿನ ಹೇಳ್ತಾರೆ" ಎಂದಳಂತೆ ಆ ಹುಡುಗಿ. ಆಪಾ ಅಡ್ವಾನ್ಸ್ ಕಟ್ಟದೆ ವಾಪಸ್ಸು ಬಂದರು. ಬಳೆ ಕೈಯಲ್ಲೇ ಇವೆ. ಕರಪತ್ರವೂ ಅಲ್ಮೇರಾದಲ್ಲಿದೆ. ಆಸೆ ಹೋಯಿತೇ ಎಂದು ನಾನು ಕೇಳಿಲ್ಲ, ಕೇಳುವ ಹಕ್ಕು ನನಗಿದೆ ಎಂದೂ ಅನ್ನಿಸಿಲ್ಲ. ನಾಳೆ ಸರಿಯಾದ ಡಾಕ್ಟರನ್ನು ಹುಡುಕಿ ಮಾಡಿಸಿಕೊಂಡರೆ ಆಸ್ಪತ್ರೆಯಲ್ಲಿ ಅವರ ಪಕ್ಕ ನಾನೇ ಕೂರುತ್ತೇನೆ.

ಇದನ್ನು ಬರೆಯಲು ಆಪಾ ಒಪ್ಪಿಗೆ ಕೊಟ್ಟರು, ಹೆಸರು ಬೇಡ ಎಂದರು. ಪತ್ರಿಕೆ ಬಂದ ಮೇಲೆ ಒಂದು ಪ್ರತಿಯನ್ನು ಅವರ ಗಂಡನಿಗೆ ಕಳಿಸುತ್ತೇನೆ. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ.